ಹೊಗಳಬಾರದ ಕೂಸು

ಗುಣ, ಪರಿಮಾಣ, ಸಂಖ್ಯೆ ಎಂದು ಇಂಗ್ಲಿಷ್ ಅಡ್ಜೆಕ್ಟಿವ್‌ಗಳ ವಿಧಗಳನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಸೂಫಿಯಾಳ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು. ಮಾನ್ವಿಯ ಈ ಖಾಸಗಿ ಶಾಲೆ ಟೀಚರ್ ಕೆಲಸದ ಡೆಮೊ ಪಾಠಕ್ಕೆ ಕೊಟ್ಟಿದ್ದು ಇಪ್ಪತ್ತೇ ನಿಮಿಷ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರ ಮಹಾಂತಯ್ಯ ಗಡಿಯಾರ ನೋಡುತ್ತ ಕುಳಿತಿದ್ದರು. ರಾಯಚೂರಿನ ಎರಡು ಶಾಲೆಗಳು ಆಗಲೇ ಬೇಡ ಎಂದಿದ್ದವು. ಇದೂ ಕೈತಪ್ಪಿದರೆ ದೇವದುರ್ಗದಲ್ಲಿ ಅಮ್ಮನ ಬಳೆ ಅಂಗಡಿಯೇ ಗತಿ. ಬಿ.ಎಡ್. ಓದಿದ್ದು ಬಳೆ ತೊಡಿಸಲಿಕ್ಕೇನು ಎಂದು ಓಣಿಯವರು ನಗದೆ ಬಿಟ್ಟಾರೆಯೆ?

ಮೊದಲನೇ ಬೆಂಚಿನ ಸ್ವಪ್ನಾಳ ಮನೆಯಲ್ಲಿ ಮೊನ್ನೆ ಗಂಡುಕೂಸು ಹುಟ್ಟಿದೆಯೆಂದು ಮಕ್ಕಳು ಆಗಲೇ ಹೇಳಿದ್ದರು. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ಸೂಫಿಯಾ ಹಿಗ್ಗಿದಳು.

"ನಿನ್ನ ತಮ್ಮ ಹ್ಯಾಂಗದಾನವ್ವಾ? ಬ್ಯೂಟಿಫುಲ್ ಅದಾನೇನು?"

ಸ್ವಪ್ನಾ ಎದ್ದು ನಿಂತಳು. ಅವಳ ಕಣ್ಣು ತುಂಬಿಬಂತು. ಉಳಿದ ಮಕ್ಕಳೂ ತಲೆ ತಗ್ಗಿಸಿದರು. ಮಹಾಂತಯ್ಯ ಪೆನ್ನು ತೆಗೆದು ಏನೋ ಗೀಚಿಕೊಂಡರು. ಮುಗಿಯಿತು ಕಥೆ ಎಂದುಕೊಂಡಳು ಸೂಫಿಯಾ.

"ಹಂಗನ್ನಬಾರದ್ರಿ ಟೀಚರ್," ಎಂದಳು ಕೊನೆಗೆ ಹುಡುಗಿ. "ಕೂಸಿಗೆ ದೃಷ್ಟಿ ತಾಕ್ತದಂತ ನಮ್ಮ ಆಯಿ ಬೈತಾಳ್ರಿ."

ಸೂಫಿಯಾಗೆ ತನ್ನ ಬುದ್ಧಿಯ ಮೇಲೆಯೇ ಸಿಟ್ಟು ಬಂತು. ಅಮ್ಮ ದಾವಲ್ ಬೀ ತನ್ನನ್ನು ಇಷ್ಟು ವರ್ಷ 'ಕಾಳಿ', ಕರಿಯವಳು, ಎಂದು ಕರೆದದ್ದೂ ಇದಕ್ಕೇ ಅಲ್ಲವೆ? ಡಿಗ್ರಿ ಪಾಸಾದ ದಿನವೂ "ಏನ್ ಕಡಿದು ಕಟ್ಟಿ ಹಾಕಿದಿ" ಎಂದು ಗದರಿ, ಸಂಜೆ ಸುಮ್ಮನೆ ಮೆಣಸಿನಕಾಯಿ ನಿವಾಳಿಸಿದ್ದಳು.

"ಹಂಗಾದ್ರ ಬೈರಿ," ಎಂದಳು ಸೂಫಿಯಾ. "ಕೂಸಿಗೆ ಕಣ್ಣು ಬೀಳದಂಗ ಇಂಗ್ಲಿಷಿನ್ಯಾಗ ಬೈರಿ ನೋಡೋಣು."

"ಅಗ್ಲಿ ಅದಾನ್ರಿ," ಎಂದಳು ಸ್ವಪ್ನಾ ಮೂಗೊರೆಸಿಕೊಂಡು.

"ನೋ ಹೇರ್ ರೀ." "ಫ್ಯಾಟ್ ರೀ." "ಒನ್ ಸ್ಮಾಲ್ ನೋಸ್ ರೀ." ಉಳಿದ ಮಕ್ಕಳೂ ದನಿಗೂಡಿಸಿದರು.

ಬೈಗುಳಗಳು ಬಂದ ಹಾಗೆ ಸೂಫಿಯಾ ಒಂದೊಂದನ್ನೂ ಅದರದರ ವಿಧದ ಕೆಳಗೆ ಬರೆದಳು. ಬೋರ್ಡು ತುಂಬಿತು. ಮಹಾಂತಯ್ಯ ಗಡಿಯಾರ ಮರೆತು ನಗುತ್ತಿದ್ದರು.

"ಸೋಮವಾರದಿಂದ ಬರ್ರಿ," ಎಂದರು ಹೊರಗೆ ಬಂದು.

ದೇವದುರ್ಗದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಫೋನ್ ಬಡಿದುಕೊಂಡಿತು.

"ಕೈಸಾ ಹುವಾ?" ಹೇಗಾಯಿತೆಂದು ಕೇಳಿದಳು ದಾವಲ್ ಬೀ.

ಸೂಫಿಯಾ ಸುತ್ತಲಿನ ಮುಖಗಳನ್ನು ನೋಡಿದಳು. "ಖರಾಬ್ ಹುವಾ, ಅಮ್ಮೀ."

 ಅಮ್ಮ ಮೆಲ್ಲಗೆ ಕೇಳಿದಳು, ಎಷ್ಟು ಕೆಟ್ಟದಾಯಿತು ಎಂದು.

"ಬಹುತ್. ಸೋಮವಾರದಿಂದ ದಿನಾ ಹೋಗಬೇಕು."

ಮೆಣಸಿನಕಾಯಿ ತೆಗೆದಿಡುತ್ತೇನೆ, ಬೇಗ ಬಾ ಎಂದಳು ದಾವಲ್ ಬೀ. ಸಂತೆಯ ದಿನ, ವ್ಯಾಪಾರ ಕುದುರುವ ಹೊತ್ತು, ಇನ್ನೂ ಮೂರು ಗಂಟೆ. ಫೋನಿನೊಳಗೆ ಅಂಗಡಿಯ ಷಟರ್ ಕೆಳಗೆಳೆಯುವ ಸದ್ದು ಕೇಳಿಸಿತು.