ಬೊಚ್ಚುಬಾಯಿ ಬೇಕಾಗಿತ್ತು

ತಿ. ನರಸೀಪುರದ ಉಚಿತ ದಂತ ಶಿಬಿರದಲ್ಲಿ ಸಿದ್ಧಾರ್ಥನ ಹಲ್ಲುಗಳನ್ನೆಲ್ಲ ಕಿತ್ತರು. ಹುಳುಕಾಗಿದ್ದದ್ದು ಎರಡು. ಆಮೇಲೆ ಹಲ್ಲುಸೆಟ್ಟು ಕೊಟ್ಟು, ಹಾರ ಹಾಕಿ ಕಳಿಸಿದರು.

ಸೋಸಲೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಸಿದ್ಧಾರ್ಥನಿಗೆ ಮೊದಲಿಂದಲೂ ಗೊರಕೆಯ ಕಾಟ. ಏರಿ ಏರಿ ತಟ್ಟನೆ ನಿಂತುಬಿಡುತ್ತಿತ್ತು. ಅದರ ಜೊತೆಗೆ ಉಸಿರೂ. ಹೆಂಡತಿ ಇಂದ್ರಾಣಿ ಅಲುಗಾಡಿಸಿದರೆ ನೀರಲ್ಲಿ ಮುಳುಗಿ ಎದ್ದವನ ಹಾಗೆ ಏದುಸಿರು ಬಿಡುತ್ತಿದ್ದ. ಹಗಲಲ್ಲಿ ಸ್ಟೇರಿಂಗ್ ಮೇಲೇ ತೂಕಡಿಕೆ. ಟ್ರ್ಯಾಕ್ಟರ್ ನಾಲೆಯ ಏರಿಯಿಂದ ಅರ್ಧ ಜಾರಿ ನಿಂತಾಗ, "ಬೆಳಿಗ್ಗೇನೇ ಆಕ್ಕೊಂಡವ್ನೆ ಕಣ್ಲಾ" ಎಂದು ಊರು ನಕ್ಕಿತು. ಅವನು ಒಂದು ಹನಿ ಮುಟ್ಟಿದವನಲ್ಲ.

ಮೈಸೂರಿನ ಡಾಕ್ಟರು ನಿದ್ದೆ ಪರೀಕ್ಷೆ ಮಾಡಿಸಿ, ಮಲಗಿದಾಗ ಗಂಟಲು ಮುಚ್ಚಿ ಉಸಿರು ಕಟ್ಟುವ ಕಾಯಿಲೆ ಎಂದರು. ಗಾಳಿಯೂದುವ ಮಾಸ್ಕ್ ಕೊಟ್ಟರು. ಸಿದ್ಧಾರ್ಥ ನಿದ್ದೆಗಣ್ಣಲ್ಲೇ ಅದನ್ನು ಕಿತ್ತೆಸೆದ. ಕಡೆಗೆ, ಹಲ್ಲಿನ ಡಾಕ್ಟರನ್ನು ನೋಡಿ ಎಂದು ನಂಜನಗೂಡಿಗೆ ಕಳಿಸಿದರು. ಬಾಯಿ ತುಂಬ ಹಲ್ಲು ಕಾಣುತ್ತಿತ್ತಲ್ಲ, ಯಾರೂ ಏನೂ ಕೇಳಲಿಲ್ಲ.

ಗೊರಕೆಗೆ ಹಲ್ಲಿನ ಡಾಕ್ಟರೇ! ಇಂದ್ರಾಣಿಗೆ ನಗು ಬಂತು. ನಂಜನಗೂಡಿನ ಡಾಕ್ಟರು ಅರ್ಪಿತ ನಗಲಿಲ್ಲ. ತಮ್ಮ ಕೆಳದವಡೆಯನ್ನೇ ಮುಂದಕ್ಕೆಳೆದು ತೋರಿಸಿದರು.

"ನೋಡಿಯಮ್ಮ, ಮಲಗಿದಾಗ ದವಡೆ, ನಾಲಿಗೆ ಹಿಂದಕ್ಕೆ ಜಾರ್ತವೆ. ಒಂದು ಪ್ಲೇಟ್ ಮಾಡಿಕೊಡ್ತೀನಿ. ರಾತ್ರಿ ಹಾಕ್ಕೊಂಡ್ರೆ ದವಡೆ ಹಿಂಗೆ ಮುಂದಕ್ಕೇ ನಿಲ್ಲುತ್ತೆ, ಉಸಿರಿಗೆ ದಾರಿ ಸಿಗುತ್ತೆ."

"ಅಷ್ಟೇನಾ ಮೇಡಂ?" ಇಂದ್ರಾಣಿಯ ಎದೆ ಹಗುರಾಯಿತು.

"ಎಲ್ಲಿ, ಬಾಯಿ ತೆಗೀರಿ."

ಸಿದ್ಧಾರ್ಥ ಮೊದಲು ಸೆಟ್ಟು ತೆಗೆದು ಅಂಗೈಲಿಟ್ಟುಕೊಂಡ.

ಡಾಕ್ಟರು ಟಾರ್ಚು ಬಿಟ್ಟು ಒಸಡನ್ನೆಲ್ಲ ನೋಡಿದರು. "ಆ ಪ್ಲೇಟ್ ಕಚ್ಚಿ ಹಿಡಿಯೋದು ಹಲ್ಲನ್ನೇ. ಒಂದೂ ಇಲ್ವಲ್ಲ! ಯಾಕೆ ತೆಗೆಸಿದ್ರಿ?"

"ನಾವೆಲ್ಲಿ ತಗ್ಸುದೊ? ನರಸೀಪುರದ ಶಿಬಿರ್ದೋರೇ ತಗುದ್ರು. ಅಲ್ಗೆ ಓಯ್ತಾ ಓಯ್ತಾ ಇವ್ರು ಕಬ್ಬು ಸಿಗುದು ತಿಂದವ್ರೆ ಮೇಡಂ, ಬರೀ ಹಲ್ಲಲ್ಲಿ!"

ಅರ್ಪಿತ ಕುರ್ಚಿ ಎಳೆದು ಕೂತರು. ಶಿಬಿರ ನಡೆಸಿದ ಕಾಲೇಜಿನಲ್ಲೇ ಓದಿದವರು ಅವರು. "ಅಲ್ಲಿ ಓದೋರು ಪರೀಕ್ಷೆಗೆ ಪೂರ್ತಿ ಹಲ್ಲುಸೆಟ್ ಕಟ್ಟಿ ತೋರಿಸ್ಬೇಕು. ಬೊಚ್ಚುಬಾಯಿ ಪೇಷಂಟು ಸಿಗಲ್ಲ. ಸಿಗದಿದ್ರೆ..."

ಸಿಗದಿದ್ದರೆ ಮಾಡಿಕೊಳ್ಳುತ್ತಾರೆ! ಇಂದ್ರಾಣಿಗೆ ಈಗ ಹೊಳೆಯಿತು. ಅವತ್ತು ಶಿಬಿರಕ್ಕೆ ಜನರನ್ನು ಒಯ್ಯುವ ಟೆಂಪೋ ಮೇಲಿನ ಬೀದಿಗೆ ಹೋಗಿರಲಿಲ್ಲ, ನೇರ ಅವರ ಕೇರಿಗೇ ಬಂದಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುತ್ತಾರೆ. ಕೇರಿಯ ಮನುಷ್ಯನ ಹಲ್ಲಿಗೆ ಆ ಬೆಲೆಯೂ ಇಲ್ಲವೇ?

"ಬೇರೆ ಥರದ ಮಾಸ್ಕ್ ಇವೆ, ನಾನೇ ಮೈಸೂರಿಗೆ ಮಾತಾಡ್ತೀನಿ," ಎಂದರು ಅರ್ಪಿತ. "ಅಲ್ಲೀವರೆಗೂ ಟ್ರ್ಯಾಕ್ಟರ್ ಹತ್ತಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಶಿವಸ್ವಾಮಿಯ ಫೋನು ಬಂತು. ಶಿಬಿರಗಳಿಗೆ ಜನ ತುಂಬಿಸುವವನು ಅವನೇ.

"ಇಂದ್ರಾಣಮ್ಮ, ಭಾನುವಾರ ತಲಕಾಡಲ್ಲಿ ಹಲ್ಲಿನ ಶಿಬಿರ. ನಿಮ್ ಸ್ತ್ರೀಶಕ್ತಿ ಸಂಘದ ಹೆಂಗಸ್ರನ್ನೆಲ್ಲ ಟೆಂಪೋ ಹತ್ಸಿ. ಹೋಳಿಗೆ ಊಟ ಐತೆ."

"ಊಟ ಇರ್ಲಿ, ಅಗಿಯಕೆ ಹಲ್ಲು ಯಾರ್ ಕೊಡ್ತಾರೆ ಸಾ?"

"ಏನಮ್ಮ ಹಿಂಗಂತೀಯ? ಪುಕ್ಸಟ್ಟೆ ಮಾಡ್ತಾವ್ರೆ. ನೀನ್ ಕರುದ್ರೆ ಎಲ್ರೂ ಬತ್ತಾರೆ. ಸಂಘದ ಅಧ್ಯಕ್ಷೆ ಅನ್ನಿಸ್ಕೊಂಡು ಇಷ್ಟೂ ಮಾಡ್ದಿದ್ರೆ ಮೇಲ್ನೋರ್ಗೆ ನಾನ್ ಏನಂತ ಹೇಳ್ಲಿ?"

ಕಲ್ಲುಬೆಂಚಿನ ಮೇಲೆ ಸಿದ್ಧಾರ್ಥ ಕೂತಲ್ಲೇ ತೂಕಡಿಸುತ್ತಿದ್ದ.

"ಇಂದ್ರಾಣಿ ಕರಿಯಕಿಲ್ಲ ಅಂದ್ಲು ಅಂತ ಏಳಿ. ನಮ್ ಕೇರಿಯಿಂದ ಒಬ್ರನ್ನೂ ಕಳ್ಸಕಿಲ್ಲ."