ಕುಂಪಟಿಯ ಬದಲಿಗೆ

ಗಂಗಾಧರ ಗೃಹಪ್ರವೇಶದ ಪತ್ರಿಕೆ ಹಿಡಿದುಕೊಂಡು ನಗರಗೆರೆಯಿಂದ ಅಕ್ಕನ ಮನೆಗೆ ಬಂದಾಗ ಕೊಂಡಮ್ಮ ಅವನಿಗೆ ಮೊದಲು ಹೇಳಿದ್ದು ಕಾಲು ತೊಳೆದುಕೋ ಅಂತ. ಕಾಲಷ್ಟೇ ಅಲ್ಲ, ಕೈಯನ್ನೂ, ಅದೂ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ. ಜೇಬಿನಲ್ಲಿ ಬೀಡಿ ಇದ್ದರೆ ಜಗುಲಿಯ ಮೇಲೆಯೇ ಇಟ್ಟು ಬರಬೇಕು. ಒಡಹುಟ್ಟಿದವನಾದರೇನು, ಶಿಡ್ಲಘಟ್ಟದ ಸುತ್ತಿನ ರೇಷ್ಮೆ ಸಾಕುವ ಮನೆಗಳಲ್ಲಿ ಮೊದಲ ಮರ್ಯಾದೆ ಹುಳಕ್ಕೆ. ಮನುಷ್ಯರು ಉಳಿದ ಜಾಗದಲ್ಲಿ ಒತ್ತರಿಸಿಕೊಂಡು ಬದುಕುತ್ತಾರೆ.

"ಅಕ್ಕಾ, ಈ ಸಲ ಬೆಳಗ್ಗೆ ಬಂದು ಸಾಯಂಕಾಲ ಓಡೋಗೋ ಲೆಕ್ಕ ಇಲ್ಲ," ಅಂದ ಗಂಗಾಧರ, ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತಾ. "ಹೊಸ ಮನೆ ಹೊಸ್ತಿಲು ದಾಟೋವಾಗ ಕಳಶ ನಿನ್ನ ಕೈಲೇ ಇರ್ಬೇಕು. ಹಿಂದಿನ ದಿನಾನೇ ಬಂದ್ಬಿಡು."

ಕೊಂಡಮ್ಮ ಬೆರಳು ಮಡಿಚಿ ಎಣಿಸಿದಳು. "ಅವತ್ತಿಗೆ ಹೊಸ ಹುಳ ಎರಡನೇ ಜ್ವರಕ್ಕೆ ಕೂತಿರ್ತಾವೆ ಕಣೋ."

ಹುಳ ಪೊರೆ ಬಿಡುವ ಮುನ್ನ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಈ ಕಡೆಯವರು ಜ್ವರ ಅನ್ನುತ್ತಾರೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರ.

"ನನ್ನ ಮಗು ನಾಮಕರಣಕ್ಕೂ ಜ್ವರ ಅಂದೆ. ನಿನ್ ಹುಳಕ್ಕೆ ಜ್ವರ ಬಿಟ್ರೆ ಬೇರೆ ಏನೂ ಬರಲ್ವಾ?"

"ಹೋಗ್ಬಾ ಕಣೇ, ನಾನು ನೋಡ್ಕೊತೀನಿ," ಅಂದ ಕೊಂಡಮ್ಮನ ಗಂಡ ರಾಮಾಂಜಿನಪ್ಪ.

ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ಓಬಳಮ್ಮ ಎಲೆಯಡಿಕೆ ಒಂದು ಕಡೆಯ ದವಡೆಗೆ ಸರಿಸಿದಳು. "ನೀನು ನೋಡ್ಕೊಂಡಿದ್ದು ನೋಡಿದ್ದೀವಿ ಬಿಡಪ್ಪ. ಈ ಗಂಗಾಧರನ ಮದುವೆಗೆ ಇವಳು ಒಂದು ರಾತ್ರಿ ಉಳ್ಕೊಂಡಳು. ನೀನು ಕುಂಪಟಿ ಮುಂದೆ ಕೂತು ಗೊರಕೆ ಹೊಡೆದೆ. ಬೆಳಗಾಗೋ ಹೊತ್ತಿಗೆ ಕೆಂಡ ಬೂದಿ, ಹುಳ ಕಟ್ಟಿಗೆ."

ರಾಮಾಂಜಿನಪ್ಪ ಸೊಪ್ಪು ತರುವ ನೆಪ ಮಾಡಿಕೊಂಡು ಎದ್ದುಹೋದ. ಗಂಗಾಧರ ಪತ್ರಿಕೆಯನ್ನು ದೇವರ ಗೂಡಿನ ಮುಂದೆ ಇಟ್ಟ. ಕೊಂಡಮ್ಮ ಅದರ ಮೇಲಿನ ಅರಿಶಿನದ ಬೊಟ್ಟನ್ನು ಒಮ್ಮೆ ಮುಟ್ಟಿ, "ನೋಡಣ," ಅಂದಳು. ಆ "ನೋಡಣ"ದ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಸೌಜನ್ಯಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ತಮ್ಮನನ್ನು ಬಸ್ಸು ಹತ್ತಿಸಿ ಬಂದ ಅಮ್ಮ ಹಿತ್ತಲಿನಲ್ಲಿ ಮುಖ ತೊಳೆಯುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿದ್ದನ್ನು ಅವಳು ನೋಡಿದಳು.

ಸೌಜನ್ಯ ಚಿಂತಾಮಣಿಯಲ್ಲಿ ಬಿ.ಎಸ್ಸಿ. ಮುಗಿಸಿ, ಎಲೆಕ್ಟ್ರಾನಿಕ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದು, ಆ ವರ್ಷ ಮನೆಯಲ್ಲಿದ್ದಳು. ಮಾತು ಕಡಿಮೆ. ಬಂದವರು ಏನಾದರೂ ಕೇಳಿದರೆ ಉತ್ತರ ಅವಳಿಗೆ ಹೊಳೆಯುವುದು ಅವರು ಹೋದ ಮೇಲೆ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ತುಂಬಿದ ಕೂಡಲೇ ಮೋಟರು ತಾನಾಗಿ ನಿಲ್ಲುವಂತೆ ಮಾಡಿದ್ದಳು. ಕತ್ತಲಾದರೆ ಜಗುಲಿಯ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಓಬಳಮ್ಮ ಅದನ್ನು ಬೀದಿಯವರಿಗೆಲ್ಲ ತೋರಿಸುತ್ತಿದ್ದಳು. "ನಾವು ಹೇಳೋದೇ ಬ್ಯಾಡ, ಸಂಜೆ ಆಯ್ತು ಅಂತ ಅದಕ್ಕೇ ಗೊತ್ತಾಯ್ತದೆ. ನಮ್ಮ ಸೊಸೆಗಿಂತ ವಾಸಿ." ಸೊಸೆ ಅಲ್ಲೇ ನಿಂತಿರುತ್ತಿದ್ದಳು, ಕೇಳಿಸದವಳಂತೆ.

ಹುಳದ ಕೋಣೆಗೆ ಕಾವು ಕೊಡುವ ಕೆಂಡದ ಕುಂಪಟಿ ಕಾಯುವವರು ಇಲ್ಲದಿದ್ದರೆ ಅಮ್ಮ ಹೋಗುವುದಿಲ್ಲ, ಕುಂಪಟಿಯೇ ಬೇಡವಾದರೆ ಹೋಗಬಹುದು. ಇಷ್ಟು ಯೋಚಿಸಿಕೊಂಡು ಸೌಜನ್ಯ ಶಿಡ್ಲಘಟ್ಟದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಬಸ್ ಸ್ಟ್ಯಾಂಡಿನ ಹಿಂದೆ ಕನಕರಾಜ್ ಎಂಬಾತನ ಟಿ.ವಿ. ರಿಪೇರಿ ಅಂಗಡಿ.

"ಎಲ್.ಎಂ. ತರ್ಟಿಫೈವ್ ಎರಡು, ಒಂದು ಟ್ವೆಲ್ ವೋಲ್ಟ್ ರಿಲೇ," ಅಂದಳು ಒಂದೇ ಉಸಿರಿಗೆ.

ಕನಕರಾಜ್ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ತಲೆ ಎತ್ತಿದ. "ಯಾರಿಗಮ್ಮ, ಅಣ್ಣಂಗಾ?"

"ನನಗೆ."

"ಓ. ಎರಡು ಯಾಕೆ?"

"ಒಂದು ಸುಟ್ಟೋದ್ರೆ."

"ಅದು ಸರಿ," ಅಂದ ಅವನು, ಮತ್ತೇನೂ ಕೇಳದೆ ಡಬ್ಬಿಗಳನ್ನು ತಡಕತೊಡಗಿದ. ಅವಳಿಗೆ ಅಷ್ಟರಿಂದಲೇ ಹಗುರವಾಯಿತು.

ಮೊಟ್ಟೆ ಒಡೆದು ಕೂದಲೆಳೆಯಂಥ ಹುಳ ಹೊರಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಚಾಕಿ ಹುಳ ಅಂದರೆ ಎಳೆಯ ಹುಳ. ಅದಕ್ಕೆ ನಡುಮನೆಯ ಪಕ್ಕದ ಪುಟ್ಟ ಕೋಣೆ. ಸೌಜನ್ಯ ಅಲ್ಲಿ ದೊಡ್ಡ ಬಲ್ಬುಗಳಿಗೆ ಮಸಿ ಬಳಿದ ಡಬ್ಬ ಮುಚ್ಚಿ ಇಟ್ಟಿದ್ದಳು, ಬೆಳಕು ಬೇಡ, ಕಾವು ಮಾತ್ರ. ತಟ್ಟೆಗಳ ನಡುವೆ ಒಂದು ವೈರಿನ ತುದಿಯಲ್ಲಿ ಕನಕರಾಜ್ ಕೊಟ್ಟ ಎಲ್.ಎಂ. ತರ್ಟಿಫೈವ್, ಮೂರು ಕಾಲಿನ ಕಪ್ಪು ಕಾಳು, ನೇತಾಡುತ್ತಿತ್ತು. ಚಳಿ ಎಷ್ಟೆಂದು ತಿಳಿಯುವುದು ಆ ಕಾಳಿಗೆ. ಕೋಣೆ ತಣ್ಣಗಾದರೆ ಬಲ್ಬು ಹೊತ್ತಬೇಕು, ಕಾವು ಸಾಕಾದರೆ ಆರಬೇಕು. ಟ್ರಾಕ್ಟರಿನ ಹಳೆಯ ಬ್ಯಾಟರಿಯೊಂದು ಪಕ್ಕದಲ್ಲಿತ್ತು. ಕರೆಂಟು ಹೋದರೆ ಅದರ ಬಲದಿಂದ ನಡುಮನೆಯಲ್ಲಿ ಬೆಲ್ಲು ಹೊಡೆಯುತ್ತದೆ, ಆಗ ಯಾರಾದರೂ ಎದ್ದು ಕುಂಪಟಿ ಹಚ್ಚಿದರೆ ಸಾಕು. ಕಾಯುತ್ತಾ ಕೂರುವ ಕೆಲಸವಿಲ್ಲ.

ಎಷ್ಟು ಕಾವಿಗೆ ಆರಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದರೂ ಅವಳು ಅಮ್ಮನನ್ನೇ ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು. ಕೊಂಡಮ್ಮ ಒಳಗೆ ಕೆನ್ನೆ ಚಾಚಿ, ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ... ಇನ್ನೂ... ಹಾ, ಈಗ ಸರಿ," ಅಂದ ಕಡೆ ಸೌಜನ್ಯ ಸರ್ಕ್ಯೂಟಿನ ಪೆಟ್ಟಿಗೆಯ ಗುಂಡಿ ತಿರುಗಿಸುವುದನ್ನು ನಿಲ್ಲಿಸಿದಳು. ಥರ್ಮಾಮೀಟರಿನಲ್ಲಿ ಪುಸ್ತಕದ ಅಂಕಿಯೇ ಇತ್ತು. ಇಬ್ಬರೂ ಅದನ್ನು ನೋಡಿ ನಕ್ಕರು.

ಒಂದೇ ಕೊರತೆ. ಎಳೆಯ ಹುಳಕ್ಕೆ ಕಾವಿನ ಜೊತೆ ತೇವವೂ ಬೇಕು, ಇಲ್ಲದಿದ್ದರೆ ಸೊಪ್ಪು ಬಾಡುತ್ತದೆ. ತೇವ ಅಳೆಯುವ ಬಿಡಿಭಾಗ ಕನಕರಾಜನ ಹತ್ತಿರ ಇರಲಿಲ್ಲ. "ಗೋಣಿತಾಟಿಗೆ ನೀರು ಚಿಮುಕಿಸೋದು ಯಾವಾಗ ಅಂತ ನಿಂಗೆ ಗೊತ್ತಾಗಲ್ಲ, ನಿಮ್ಮಪ್ಪಂಗಂತೂ ಗೊತ್ತೇ ಆಗಲ್ಲ," ಅಂದಳು ಕೊಂಡಮ್ಮ. ಊರಿಗೆ ಹೋಗುವ ಮಾತನ್ನು ಅವಳಾಗಿ ಎತ್ತಲಿಲ್ಲ. ಆದರೆ ಟ್ರಂಕಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರವಿದ್ದಳು.

ಮಾರನೆಯ ಸಂಜೆ ಅನಾಹುತವಾಯಿತು.

ಸೊಪ್ಪು ಹಾಕಲು ಬಾಗಿಲು ತೆಗೆದ ಕೊಂಡಮ್ಮ ಹಿಂದಕ್ಕೆ ಸರಿದಳು. ಒಳಗೆ ರೊಟ್ಟಿ ಬೇಯುವ ಕಾವು. ಬಲ್ಬುಗಳು ಆರಿಯೇ ಇರಲಿಲ್ಲ. ಹುಳ ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದು ಬಂದಿದ್ದವು. ಅವಳು ವೈರು ಕಿತ್ತಳು, ಕಿಟಕಿ ತೆರೆದಳು, ಹುಳಗಳನ್ನು ಗರಿಯಿಂದ ಒಂದೊಂದಾಗಿ ಒಳಕ್ಕೆ ಸರಿಸತೊಡಗಿದಳು. ಅಂಚಿನವು ಕೆಲವು ಒಣಗಿದ್ದವು. ಉಳಿದವು ತಣ್ಣನೆ ಗಾಳಿ ತಾಗಿದ ಮೇಲೆ ಮೆಲ್ಲಗೆ ಸೊಪ್ಪಿಗೆ ಬಾಯಿ ಹಾಕಿದವು.

"ಆಯ್ತು ಬಿಡು ಪಾಪ," ಅಂದ ರಾಮಾಂಜಿನಪ್ಪ, ಮಗಳ ಮುಖ ನೋಡಲಾರದೆ. "ಟ್ಯಾಂಕಿಗೆ, ದೀಪಕ್ಕೆ ಸರಿ. ಇದು ಜೀವ ನೋಡು. ಕುಂಪಟಿನೇ ಇಟ್ಕೊಳ್ಳಣ."

ಕೊಂಡಮ್ಮ ಒಳಗೆ ಹೋಗಿ ಹರವಿದ್ದ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿದಳು. ಟ್ರಂಕಿನ ಮುಚ್ಚಳದ ಸದ್ದು ಸೌಜನ್ಯಳಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಅವಳು ಸರ್ಕ್ಯೂಟಿನ ಪೆಟ್ಟಿಗೆ ಬಿಚ್ಚಿ ಒಂದೊಂದೇ ಬೆಸುಗೆ ನೋಡಿದಳು. ಬಲ್ಬು ಹೊತ್ತಿಸಿ ಆರಿಸುವ ರಿಲೇ ಟಕ್ಕೆಂದು ಸರಿಯಾಗಿಯೇ ಬಡಿಯುತ್ತಿತ್ತು. ಎಲ್ಲ ಸರಿ ಇದ್ದ ಮೇಲೆ ತಪ್ಪು ಎಲ್ಲಿ? ಕೊನೆಗೆ ಕಾಳನ್ನು ಪರೀಕ್ಷಿಸೋಣವೆಂದು ಕೋಣೆಗೆ ಹೋಗಿ ಟಾರ್ಚು ಬಿಟ್ಟಳು. ಕಪ್ಪು ಕಾಳು ಹಳದಿಯಾಗಿತ್ತು. ಅದರ ಮೈಗೆ ಹತ್ತಿಯ ದಾರ ಸುತ್ತಿ, ಗಂಟು ಹಾಕಿ, ಅರಿಶಿನದ ನೀರು ಹಚ್ಚಲಾಗಿತ್ತು. ಮುಟ್ಟಿದರೆ ಇನ್ನೂ ಒದ್ದೆ.

"ನಾನೇ ಕಟ್ಟಿದ್ದು," ಅಂದಳು ಓಬಳಮ್ಮ, ಯಾರೂ ಕೇಳುವ ಮೊದಲೇ. "ಹೊಸ ಕೆಲಸ. ಒಂದು ಕಂಕಣ ಕಟ್ಟದೆ ಶುರು ಮಾಡ್ತಾರಾ ಯಾರಾದ್ರೂ? ಹುಳದ ಕೋಣೇಲಿ ಊದುಬತ್ತಿ ಹಚ್ಚೋ ಹಾಗಿಲ್ಲ, ಅದಕ್ಕೇ ಅರಿಶಿನದಲ್ಲೇ ಮುಗಿಸ್ದೆ. ಒಣಗ್ತಿತ್ತು ಅಂತ ಮಧ್ಯಾಹ್ನದಿಂದ ಎರಡು ಸಲ ನೀರೂ ಮುಟ್ಟಿಸ್ದೆ."

ಸೌಜನ್ಯಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಮಡಕೆಯ ನೀರು ತಣ್ಣಗಾಗುವಂತೆ, ಒದ್ದೆ ದಾರ ಸುತ್ತಿದ ಕಾಳೂ ತಣ್ಣಗಾಗಿತ್ತು. ಕೋಣೆ ಸುಡುತ್ತಿದ್ದರೂ ಅದು ಚಳಿ, ಚಳಿ ಎಂದೇ ಹೇಳುತ್ತಿತ್ತು. ಬಲ್ಬುಗಳು ಅದರ ಮಾತು ನಂಬಿ ಉರಿಯುತ್ತಲೇ ಇದ್ದವು.

"ಬಿಚ್ಚಾಕಮ್ಮ ಅತ್ಲಾಗೆ," ಅಂದ ರಾಮಾಂಜಿನಪ್ಪ ತಾಯಿಗೆ.

"ಕೆಲಸ ಮುಗಿಯೋ ತನಕ ಕಂಕಣ ಬಿಚ್ಚಬಾರದು ಕಣಪ್ಪ. ಮದುಮಗನ ಕೈದು ಮಧ್ಯದಲ್ಲಿ ಬಿಚ್ತಾರಾ? ಗೂಡು ಮಾರ್ಕೆಟ್‌ಗೆ ಹೋಗ್ಲಿ, ಆಮೇಲೆ ನಾನೇ ಬಿಚ್ತೀನಿ."

"ಆಗ ಹುಳಾನೇ ಇರಲ್ಲ."

"ನೀನು ಗೊರಕೆ ಹೊಡೆದಾಗ ಯಾವ ಕಂಕಣ ಇತ್ತು?"

ತಾಯಿ ಮಗ ಹೀಗೆ ಹತ್ತಿಕೊಂಡಿದ್ದಾಗ ಸೌಜನ್ಯ ಒದ್ದೆ ದಾರವನ್ನೇ ನೋಡುತ್ತಾ ನಿಂತಿದ್ದಳು. ಗಾಳಿ ಒಣಗಿದ್ದರೆ ದಾರ ಬೇಗ ಆರುತ್ತದೆ, ಕಾಳು ಹೆಚ್ಚು ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ದಾರ ಆರುವುದಿಲ್ಲ, ಕಾಳೂ ಅಷ್ಟು ತಣ್ಣಗಾಗುವುದಿಲ್ಲ. ಹಾಗಾದರೆ ಪಕ್ಕದಲ್ಲಿ ಇನ್ನೊಂದು ಒಣ ಕಾಳು ಇದ್ದರೆ? ಎರಡರ ನಡುವಿನ ವ್ಯತ್ಯಾಸವೇ ಕೋಣೆಯ ತೇವ. ಕಾಲೇಜಿನ ಲ್ಯಾಬಿನ ಗೋಡೆಯ ಮೇಲೆ ಜೋಡಿ ಥರ್ಮಾಮೀಟರು ಇತ್ತು, ಒಂದರ ಬುಡಕ್ಕೆ ಒದ್ದೆ ಬತ್ತಿ. ಪರೀಕ್ಷೆಗೆ ಓದಿ ಬರೆದಿದ್ದಳು. ಮನೆಗೆ ಬಂದ ಮೇಲೆ ನೆನಪಾಗಿರಲಿಲ್ಲ.

"ಬಿಚ್ಚೋದು ಬ್ಯಾಡಪ್ಪ," ಅಂದಳು.

ಅವಳು ಜಗಳದ ನಡುವೆ ಮಾತಾಡುವವಳೇ ಅಲ್ಲ. ಇಬ್ಬರೂ ಅವಳ ಕಡೆ ತಿರುಗಿದರು.

"ಅಜ್ಜಿ ಕಟ್ಟಿದ್ದು ಹಾಗೇ ಇರ್ಲಿ. ನೀರು ಮುಟ್ಟಿಸೋದೂ ಬೇಕು. ನಾನು ಅದರ ಪಕ್ಕ ಇನ್ನೊಂದು ಹಾಕ್ತೀನಿ."

"ಅದಕ್ಕೂ ಕಟ್ಲಾ?" ಅಂದಳು ಓಬಳಮ್ಮ.

"ಅದಕ್ಕೆ ಮಾತ್ರ ಬ್ಯಾಡ ಅಜ್ಜಿ. ಅದು ಒಣಗೇ ಇರ್ಬೇಕು."

"ಮಡಿ," ಅಂತ ಓಬಳಮ್ಮ ತಲೆಯಾಡಿಸಿದಳು, ಎಲ್ಲ ಅರ್ಥವಾದವಳಂತೆ.

ಕುಂಪಟಿಯ ಮುಂದೆ ಕೊಂಡಮ್ಮ ಕೂತ ಆ ಒಂದೆರಡು ದಿನ ಸೌಜನ್ಯ ಹಿತ್ತಲಿನಲ್ಲಿ, ಹುಳಕ್ಕೆ ಹೊಗೆ ತಾಗದಷ್ಟು ದೂರದಲ್ಲಿ, ಬೆಸುಗೆ ಹಾಕಿದಳು. ಕಂಕಣದ ಬಾಲವನ್ನು ನೀರಿನ ಸಣ್ಣ ಸೀಸೆಗೆ ಇಳಿಬಿಟ್ಟಳು, ಅಜ್ಜಿಯ ಕೆಲಸ ಸೀಸೆ ತುಂಬಿಸುವುದಷ್ಟೇ ಆಯಿತು. ಬಲ್ಬುಗಳು ಒಣ ಕಾಳಿನ ಮಾತು ಕೇಳಿದವು. ಎರಡು ಕಾಳುಗಳ ನಡುವಿನ ವ್ಯತ್ಯಾಸ ಹೆಚ್ಚಿದರೆ ಒದ್ದೆ ಗೋಣಿತಾಟಿನ ಹಿಂದೆ ಇಟ್ಟಿದ್ದ ಟೇಬಲ್ ಫ್ಯಾನು ತಿರುಗಿತು, ತೇವದ ಗಾಳಿ ಕೋಣೆಗೆಲ್ಲ ಹರಡಿತು.

ಕೊಂಡಮ್ಮ ಬಾಗಿಲಲ್ಲಿ ಕೆನ್ನೆ ಚಾಚಿ ನಿಂತಳು. ಬಹಳ ಹೊತ್ತು ನಿಂತಳು. "ಜ್ವರಕ್ಕೆ ಕೂತಾಗ ಏನು ಮಾಡ್ತೀಯ? ಆವಾಗ ಇಷ್ಟು ತೇವ ಆಗಲ್ಲ. ಕೋಣೆ ಒಣಗಿರ್ಬೇಕು."

ಸೌಜನ್ಯ ಪೆಟ್ಟಿಗೆಯ ಮೇಲಿನ ಒಂದು ಸ್ವಿಚ್ಚು ತೋರಿಸಿದಳು. ಅದರ ಪಕ್ಕ ಸ್ಕೆಚ್ ಪೆನ್ನಿನಲ್ಲಿ "ಜ್ವರ" ಅಂತ ಬರೆದಿತ್ತು. "ಇದನ್ನ ಒತ್ತಿದ್ರೆ ಫ್ಯಾನು ತಿರುಗಲ್ಲ. ನೀನೇ ಹೇಳಿದ್ದೆಯಲ್ಲಮ್ಮ, ಮೊದಲೇ."

ಕೊಂಡಮ್ಮ ಸ್ವಿಚ್ಚನ್ನು ಒತ್ತಿ ನೋಡಿದಳು, ಮತ್ತೆ ಒತ್ತಿ ನೋಡಿದಳು. ಮೊದಲ ಜ್ವರಕ್ಕೆ ತಾನೇ ಒತ್ತಿದಳು. ಹುಳ ಎದ್ದ ಮೇಲೆ ಬೆಳಕಿಗೆ ಹಿಡಿದು ಒಂದು ತಟ್ಟೆ ಪೂರ್ತಿ ಪರೀಕ್ಷಿಸಿದಳು. ಎಲ್ಲವೂ ಒಂದೇ ಸಮ ಎದ್ದಿದ್ದವು. ಅವತ್ತು ಮಧ್ಯಾಹ್ನ ಹಸಿರು ಸೀರೆ ಮತ್ತೆ ಬಿಸಿಲಿಗೆ ಬಂತು.

ಹೊರಡುವ ದಿನ ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದಳು. "ಒಂದೆರಡು ಎದ್ದಾವೆ ಅಂತ ಸೊಪ್ಪು ಹಾಕ್ಬಿಡ್ಬೇಡ, ಎಲ್ಲಾ ಏಳ್ಲಿ. ಎಳೇ ಸೊಪ್ಪೇ ಹಾಕು. ನಿಮ್ಮಪ್ಪ ಬೀಡಿ ಸೇದಿ ಒಳಗೆ ಬಂದ್ರೆ ಆಚೆ ಕಳಿಸು."

"ನಾನೇನು ಹುಳದ ಶತ್ರುನಾ?" ಅಂದ ರಾಮಾಂಜಿನಪ್ಪ, ಅವಳ ಬ್ಯಾಗನ್ನು ಕಂಡಕ್ಟರಿಗೆ ಕೊಡುತ್ತಾ.

"ಅಲ್ಲ. ಗೊರಕೆ," ಅಂದಳು ಕೊಂಡಮ್ಮ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳು ನಕ್ಕಿದ್ದನ್ನು ಸೌಜನ್ಯ ಬಸ್ಸು ತಿರುವು ದಾಟುವವರೆಗೂ ನೋಡಿದಳು.

ಗೃಹಪ್ರವೇಶದ ಸಂಜೆ ಮನೆಯ ಫೋನು ಹೊಡೆಯಿತು. ಆ ಕಡೆ ನಾದಸ್ವರದ ಕ್ಯಾಸೆಟ್ಟು, ಮಕ್ಕಳ ಗಲಾಟೆ, ಯಾರೋ ತೆಲುಗಿನಲ್ಲಿ ಬಾಳೆಎಲೆ ಕೇಳುತ್ತಿದ್ದರು.

"ಹುಳ ಹೆಂಗಿದಾವೆ?"

"ಜ್ವರದಲ್ಲಿದಾವಮ್ಮ. ಚೆನ್ನಾಗಿ ಕೂತಿದಾವೆ. ನೀನು ಕಳಶ ಹಿಡ್ಕೊಂಡ್ಯಾ?"

"ಹಿಡ್ಕೊಂಡೆ. ಹೊಸ್ತಿಲು ದಾಟಿದ್ದೇ ತಡ ಕಣೇ, ನಿಮ್ಮ ಮಾವ..." ಅನ್ನುವಷ್ಟರಲ್ಲಿ ಮನೆಯ ದೀಪ ಆರಿತು. ನಡುಮನೆಯ ಬೆಲ್ಲು ಹೊಡೆಯತೊಡಗಿತು.

"ಇರಮ್ಮ, ಬಂದೆ." ಸೌಜನ್ಯ ರಿಸೀವರನ್ನು ಮೇಜಿನ ಮೇಲಿಟ್ಟು ಓಡಿದಳು. ರಾಮಾಂಜಿನಪ್ಪ ಆಗಲೇ ಕುಂಪಟಿ ಹಚ್ಚುತ್ತಿದ್ದ. ಹೊಗೆ ಇಳಿಯುವವರೆಗೆ ಅದನ್ನು ಹೊರಗೇ ಇಟ್ಟು, ಆಮೇಲೆ ಜೋಪಾನವಾಗಿ ಒಳಗಿಟ್ಟು, ಬಾಗಿಲು ಎಳೆದುಕೊಂಡ. "ಹೇಳು ನಿಮ್ಮಮ್ಮಂಗೆ, ಎಚ್ಚರ ಇದ್ದೆ ಅಂತ," ಅಂದ. ಸೌಜನ್ಯ ಕೆನ್ನೆ ಚಾಚಿ ನೋಡಿದಳು. ಸರಿಯಾಗಿತ್ತು.

ಅವಳು ವಾಪಸು ಬಂದು ರಿಸೀವರು ಎತ್ತಿದಾಗ ಅಮ್ಮ ಇನ್ನೂ ಲೈನಿನಲ್ಲೇ ಇದ್ದಳು.

"ಬೆಲ್ಲು ಕೇಳಿಸ್ತು," ಅಂದಳು ಕೊಂಡಮ್ಮ. "ನಾನು ಇಲ್ಲಿ ಚಪ್ಪಲಿ ಹುಡುಕ್ತಾ ಇದ್ದೆ, ಬಸ್ಸಿಗೆ ಓಡೋಣ ಅಂತ. ನಿಮ್ಮ ಮಾವ ನಗ್ತಾವನೆ."

"ಎಲ್ಲಾ ಆಯ್ತಮ್ಮ. ಅಪ್ಪನೇ ಹಚ್ಚಿದ್ರು."

"ಹೂಂ."

ಆಮೇಲೆ ಕೊಂಡಮ್ಮ, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, "ನಾಳೆ ಅಂದಿದ್ದೆ ಅಲ್ವಾ ಪಾಪ," ಅಂದಳು. "ನಾಡಿದ್ದು ಬರ್ತೀನಿ ಬಿಡು. ಇವರ ಹೊಸ ಮನೇಲಿ ಇನ್ನೊಂದಿನ ಮಲ್ಕೊಂಡು ಬರ್ತೀನಿ."