ಕೇಳದೆ ಕೊಟ್ಟ ಹೊಡೆತ

ನಮ್ಮ ಇರ್ಫಾನನಿಗೆ ಒಂದು ಕೆಟ್ಟ ಚಾಳಿ ಇದೆ. ಕೇಳದವರಿಗೂ ಸಹಾಯ ಮಾಡುತ್ತಾನೆ. ಬೇಡ ಮಾರಾಯಾ ಎಂದರೆ ಇನ್ನೂ ಜಾಸ್ತಿ ಮಾಡುತ್ತಾನೆ. ಮುಂಬಯಿಯ ಚೆಂಬೂರಿನ ಗಾಲ್ಫ್ ಮೈದಾನದಲ್ಲಿ ಸಾಹೇಬರ ಚೀಲ ಹೊರುವ ಕ್ಯಾಡಿಗಳು ನಾವು. ಆ ಚಾಳಿಯ ರುಚಿ ಎಲ್ಲರೂ ಉಂಡಿದ್ದೇವೆ. ಹೆಚ್ಚು ಉಂಡವನು ಬಡೇಸಾಬ, ಇರ್ಫಾನನ ಹೆಂಡತಿ ಮಲಿಕಾಳ ಅಣ್ಣ.

ಬಡೇಸಾಬನ ಎಡಗಾಲು ಪೋಲಿಯೊದಿಂದ ಸೊರಗಿದೆ. ಆಂಟಾಪ್ ಹಿಲ್‌ನಿಂದ ಇಬ್ಬರೂ ಕೂಡಿ ಹೊರಟು ಲೋಕಲ್‌ನ ಹ್ಯಾಂಡಿಕ್ಯಾಪ್ ಡಬ್ಬಿ, ಅಂದರೆ ಅಂಗವಿಕಲರ ಡಬ್ಬಿ, ಹತ್ತುತ್ತಾರೆ. ಬಡೇಸಾಬನ ಹತ್ತಿರ ಸರ್ಟಿಫಿಕೇಟ್ ಇದೆ. ಇರ್ಫಾನ ಗಟ್ಟಿಮುಟ್ಟಾದ ಆಸಾಮಿ. ಭಾಯಿಯನ್ನು ನೋಡಿಕೊಳ್ಳಲು ಬಂದಿದ್ದೇನೆಂದು ಹೇಳಿ ಆರಾಮಾಗಿ ಸೀಟು ಹಿಡಿಯುತ್ತಾನೆ.

ವರ್ಷಕ್ಕೊಮ್ಮೆ, ಸಾಹೇಬರು ಬಾರದ ಒಂದು ಸೋಮವಾರ, ಕ್ಯಾಡಿಗಳೇ ಆಡುವ ಪಂದ್ಯ ಇರುತ್ತದೆ. ಈ ಸಲ ಅದನ್ನು ನಡೆಸಲೆಂದೇ ಬಂದಿದ್ದ ಅನಿಲಕುಮಾರ ಸಾಹೇಬರು ಬಡೇಸಾಬನ ಹ್ಯಾಂಡಿಕ್ಯಾಪ್ ಹದಿನೆಂಟು ಎಂದರು. ಅಂದರೆ ಅವನ ಒಟ್ಟು ಹೊಡೆತಗಳಲ್ಲಿ ಹದಿನೆಂಟು ಕಳೆಯಬೇಕು. ಹಾಗೆ ಕಳೆದು ಉಳಿದದ್ದು ಯಾರದು ಕಡಿಮೆಯೋ ಅವನು ಗೆದ್ದ. ಇದು ನಮಗೆಲ್ಲ ಗೊತ್ತು, ಬಡೇಸಾಬನಿಗೂ ಗೊತ್ತು. ಆದರೂ ಅವನ ಮುಖ ಗಂಟಿಕ್ಕಿತು. ಕಾಲು ನೋಡಿ ಎರಡು ಹೆಚ್ಚು ಹಾಕಿದ್ದೀರೇನು ಎಂದು ಕೇಳಿಯೇ ಬಿಟ್ಟ. ಸಾಹೇಬರು ಅವನ ಹಳೆಯ ಆಟಗಳ ಅಂಕ ತೋರಿಸಿದರು. ಇಲ್ಲಿ ಆಟಕ್ಕಷ್ಟೇ ಲೆಕ್ಕ, ಕಾಲಿಗಿಲ್ಲ, ನನಗೂ ಹದಿನಾಲ್ಕಿದೆ ಎಂದರು. ಬಡೇಸಾಬನ ಖುಷಿ ನೋಡಬೇಕಿತ್ತು. ಎರಡೂ ಕಾಲು ನೆಟ್ಟಗಿರುವ ಸಾಹೇಬರಿಗೂ ಹ್ಯಾಂಡಿಕ್ಯಾಪ್ ಇದೆ, ಪಾಪ ಡಬ್ಬಿ ಸಿಗದೆ ಕಾರಿನಲ್ಲಿ ಬರುತ್ತಾರೆ ಎಂದು ಎಲ್ಲರನ್ನೂ ನಗಿಸಿದ.

ಗಾಲ್ಫ್‌ನಲ್ಲಿ ಒಬ್ಬನ ಅಂಕ ಇನ್ನೊಬ್ಬ ಬರೆಯುವುದು ಪದ್ಧತಿ. ಬಡೇಸಾಬನ ಕಾರ್ಡು ಇರ್ಫಾನನ ಕೈಗೆ ಬಂತು. ಕೆರೆಯ ಪಕ್ಕದ ಹೋಲ್‌ನಲ್ಲಿ ಬಡೇಸಾಬನ ಕಾಲು ಜಾರಿ, ಚೆಂಡು ಗೇಣುದ್ದ ಉರುಳಿ ನಿಂತಿತು. ಅಲ್ಲಿ ಚೆಂಡನ್ನು ಕುಳಿಗೆ ಬೀಳಿಸಲು ಅವನಿಗೆ ಏಳು ಹೊಡೆತ ಹಿಡಿಯಿತು. ಇರ್ಫಾನನ ಕರುಳು ಚುರಕ್ ಎಂದಿತು, ಪೆನ್ಸಿಲು ಆರು ಬರೆಯಿತು. ಕೊನೆಗೆ ಬಡೇಸಾಬ ಕಾರ್ಡು ಓದದೆಯೇ ಸಹಿ ಹಾಕಿದ. ನೀ ಬರೆದದ್ದನ್ನು ನಾನೇನು ಓದುವುದು ಎಂದ.

ಹ್ಯಾಂಡಿಕ್ಯಾಪ್ ಕಳೆದು ಎಲ್ಲರ ಅಂಕ ಹಲಗೆಗೆ ಬಂದಾಗ ಬಡೇಸಾಬ ಎಪ್ಪತ್ತು, ಅವನ ಹಿಂದಿದ್ದ ನಮ್ಮ ಇನ್ನೊಬ್ಬ ಕ್ಯಾಡಿ ಗುರುಪಾದ ಎಪ್ಪತ್ತೆರಡು. ಇರ್ಫಾನ ಹಲಗೆಯ ಮುಂದೆ ನಿಂತು ಲೆಕ್ಕ ಹಾಕಿದ. ಆ ಒಂದು ಹೊಡೆತ ಸರಿಯಾಗಿ ಬರೆದಿದ್ದರೂ ಗೆಲ್ಲುತ್ತಿದ್ದದ್ದು ಬಡೇಸಾಬನೇ. ಈಗ ನಿಜ ಹೇಳಿದರೆ ತಪ್ಪು ಕಾರ್ಡಿಗೆ ಸಹಿ ಹಾಕಿದ ಭಾಯಿ ಪಂದ್ಯದಿಂದಲೇ ಹೊರಗೆ, ಹೇಳದಿದ್ದರೆ ಜನ್ಮಪೂರ್ತಿ ಕಳ್ಳನ ಹಾಗೆ ಅವನ ಮುಖ ನೋಡಬೇಕು. ಆ ಹೊತ್ತಿಗೆ ತನ್ನ ಕೈಯನ್ನೇ ಕಡಿದು ಹಾಕಬೇಕೆನಿಸಿತು ಎಂದು ಆಮೇಲೆ ನನ್ನ ಮುಂದೆ ಅತ್ತ.

ಬಾಯಿ ಬಿಡುವ ಕಷ್ಟ ಅವನಿಗೆ ಬರಲೇ ಇಲ್ಲ. ಚಹಾ ಕುಡಿಯುತ್ತಾ ಬಡೇಸಾಬ ಅನಿಲಕುಮಾರ ಸಾಹೇಬರಿಗೆ ತನ್ನ ಆಟವನ್ನು ವರ್ಣಿಸುತ್ತಿದ್ದ. ಕೆರೆ ಹತ್ತಿರ ಜಾರಿ ಏಳು ಮಾಡಿಕೊಂಡರೂ ಗೆದ್ದೆ ನೋಡಿ ಎಂದ. ಸಾಹೇಬರು ಕಾರ್ಡು ತೆಗೆದು ನೋಡಿದರು. ಇಲ್ಲಿ ಆರು ಇದೆಯಲ್ಲ ಎಂದರು.

ಬಡೇಸಾಬ ಇರ್ಫಾನನ ಕಡೆ ತಿರುಗಿದ.

“ನಾನಽ ಬರೆದೆ ಭಾಯಿ,” ಎಂದ ಇರ್ಫಾನ. “ನಿನ್ನ ಕಾಲು ಜಾರಿತ್ತಲ್ಲ.”

ಹೊಡೆತ ಕಡಿಮೆ ತೋರಿಸಿದ ಕಾರ್ಡಿಗೆ ಸಹಿ ಹಾಕಿದವನು ಪಂದ್ಯದಿಂದ ಹೊರಗೆ. ಸಾಹೇಬರು ತಲೆ ತಗ್ಗಿಸಿಯೇ ಆ ನಿಯಮ ಹೇಳಿದರು. ಗೆದ್ದವನಿಗೆಂದು ಇಟ್ಟಿದ್ದ ಕಪ್ ಗುರುಪಾದನ ಕೈಗೆ ಹೋಯಿತು. ಅವನಿಗೂ ಅದು ಬೇಕಾಗಿರಲಿಲ್ಲ.

“ಹದಿನೆಂಟು ನನ್ನ ಆಟಕ್ಕ ಕೊಟ್ಟಿದ್ರು,” ಎಂದ ಬಡೇಸಾಬ, ದನಿ ಏರಿಸದೆ. “ನೀ ಕೊಟ್ಟದ್ದು ಯಾತಕ್ಕ?”



ಸಂಜೆ ಚೆಂಬೂರು ಸ್ಟೇಶನ್ನಿನಲ್ಲಿ ನಾನೂ ಜೊತೆಗಿದ್ದೆ. ಲೋಕಲ್ ಬಂತು. ಹ್ಯಾಂಡಿಕ್ಯಾಪ್ ಡಬ್ಬಿ ಸರಿಯಾಗಿ ನಮ್ಮ ಮುಂದೆಯೇ ನಿಂತಿತು. ಬಡೇಸಾಬ ಅದನ್ನು ದಾಟಿ, ಜನ ಜೋತಾಡುತ್ತಿದ್ದ ಜನರಲ್ ಡಬ್ಬಿಯ ಕಡೆ ಕಾಲೆಳೆಯುತ್ತಾ ನಡೆದ. ಇರ್ಫಾನ ಓಡಿಹೋಗಿ ರಟ್ಟೆ ಹಿಡಿದ. ಬಡೇಸಾಬ ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

“ನೀ ಅದರಾಗ ಹತ್ತು,” ಎಂದ. “ನಿನಗ ರೂಢಿ ಆಗೇತಿ.”

ಒಳಗಿನವರು ಯಾರೋ ಕೈಕೊಟ್ಟು ಅವನನ್ನು ಎಳೆದುಕೊಂಡರು. ಗಾಡಿ ಹೊರಟಿತು. ಇರ್ಫಾನ ಯಾವ ಡಬ್ಬಿಯನ್ನೂ ಹತ್ತದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದ.